ಹಟ್ಟಿ ಕಡೆ ಕೈ ತೋರಿಸಿದವರು

ನಮ್ಮ ಸೀಮೆಯಲ್ಲಿ ಮಳೆ ಬಂದ ದಿನಕ್ಕೂ ಒಂದೊಂದು ಹೆಸರಿರುತ್ತದೆ. ಬರುವುದೇ ಅಪರೂಪವಲ್ಲವೇ, ಮರೆತು ಹೋಗದಿರಲಿ ಅಂತ ಹೆಸರಿಟ್ಟುಬಿಡುತ್ತಾರೆ. ಬಸ್ಸು ಹಳ್ಳದಾಗೆ ಸಿಕ್ಕೊಂಡ ಮಳೆ, ದೊಡ್ಡಪ್ಪನ ತಿಥಿ ಮಳೆ, ಗೌಡರ ಎಮ್ಮೆ ಸತ್ತ ಮಳೆ. ನಾನು ಹೇಳಹೊರಟಿದ್ದು ಮನಿಯಾರ್ಡರ್ ಮಳೆಯದು. ಊರಲ್ಲಿ ಅರವತ್ತು ದಾಟಿದ ಯಾರ ಹತ್ತಿರವಾದರೂ ಈಗಲೂ ಆ ಮಾತು ಎತ್ತಿ ನೋಡಿ, ಬಾಯಲ್ಲಿದ್ದ ಎಲೆಯಡಿಕೆ ಉಗಿದು ಬಂದು ಪಕ್ಕದಲ್ಲಿ ಕೂರುತ್ತಾರೆ.

ಯಾವ ವರ್ಷ ಅಂತ ಕೇಳಬೇಡಿ. ನಾನು ಪರಶುರಾಂಪುರದ ಸ್ಕೂಲಿಗೆ ನಡೆದು ಹೋಗುತ್ತಿದ್ದ ಕಾಲ, ಹನ್ನೆರಡೋ ಹದಿಮೂರೋ ವಯಸ್ಸು. ಶೇಂಗಾ ಕಿತ್ತು, ಕಾಯಿ ಬಿಡಿಸಿ, ಅಂಗಳದಲ್ಲಿ ಹರವಿದ್ದರು ಅನ್ನುವುದು ಚೆನ್ನಾಗಿ ನೆನಪಿದೆ. ಹಾಗಾದರೆ ಕಾರ್ತಿಕದ ಸುಮಾರು. ಚಳ್ಳಕೆರೆಯ ಎಣ್ಣೆ ಮಿಲ್ಲುಗಳಲ್ಲಿ ರೇಟು ಏರಿದೆ ಅಂತ ಯಾರೋ ಸುದ್ದಿ ತಂದಿದ್ದರು. ಹಿಂದಿನ ರಾತ್ರಿಯೇ ಒಣಗಿದ ಮೂಟೆಗಳನ್ನೆಲ್ಲ ಗಾಡಿಗೆ ಹೇರಿಕೊಂಡು, ಸಜ್ಜೆ ರೊಟ್ಟಿ ಶೇಂಗಾ ಚಟ್ನಿ ಬುತ್ತಿ ಕಟ್ಟಿಸಿಕೊಂಡು, ಊರ ಗಂಡಸರೆಲ್ಲ ಹೊರಟುಬಿಟ್ಟಿದ್ದರು. ಊರಲ್ಲಿ ಉಳಿದವರು ಹೆಂಗಸರು, ಮುದುಕರು, ನಾನು, ನನ್ನಂಥ ನಾಲ್ಕು ಹುಡುಗರು.

ಬೆಳಗ್ಗೆ ಮೋಡ ಇರಲಿಲ್ಲ. ಹತ್ತು ಗಂಟೆ ಹೊತ್ತಿಗೆ ಮೂಡಲ ಕಡೆಯಿಂದ ಕಪ್ಪಾಗಿ ಎದ್ದಿತು. ಮದ್ರಾಸ್ ಕಡೆ ಸಮುದ್ರದಾಗೆ ಗಾಳಿ ಎದ್ದೈತಂತೆ ಅಂದರು. ಸಮುದ್ರ ಎಲ್ಲಿ, ನಮ್ಮ ಬರಡು ಸೀಮೆ ಎಲ್ಲಿ! ಆದರೂ ಹೊಡೆಯಿತು ನೋಡಿ ಮಳೆ. ಕಂಬಳಿ, ಚಾಪೆ, ಸೀರೆ, ಕೈಗೆ ಸಿಕ್ಕಿದ್ದನ್ನೆಲ್ಲ ಶೇಂಗಾ ಮೇಲೆ ಹೊದಿಸಲಿಕ್ಕೆ ಹೆಂಗಸರು ಓಡಾಡಿದರು. ನಮ್ಮದು ಮಣ್ಣಿನ ಮಾಳಿಗೆ ಮನೆ. ಬೇಸಗೆಯಲ್ಲಿ ಚೌಳುಮಣ್ಣು ಹಾಕಿಸಬೇಕು ಅಂತ ಅಜ್ಜಿ ಬಡಕೊಂಡಿದ್ದಳು, ಅಪ್ಪ ಮುಂದಕ್ಕೆ ಹಾಕಿದ್ದ. ಈಗ ಒಳಗೆ ಆರೇಳು ಕಡೆ ಸೋರುತ್ತಿತ್ತು. ಪ್ರತಿ ಸೋರಿಗೂ ಒಂದು ಪಾತ್ರೆ ಇಟ್ಟು, ಪ್ರತಿ ಪಾತ್ರೆಗೂ ಅಪ್ಪನಿಗೆ ಒಂದೊಂದು ಬೈಗುಳ ಇಟ್ಟು, ಅಜ್ಜಿ ಸುತ್ತುತ್ತಿದ್ದಳು.

ಆ ಹೊತ್ತಿಗೆ ಬಂದ ನಮ್ಮ ಪೋಸ್ಟಪ್ಪ. ಸೈಕಲ್ಲನ್ನು ತಾನು ಹೊತ್ತಿದ್ದನೋ ಸೈಕಲ್ಲೇ ಅವನನ್ನು ಹೊತ್ತಿತ್ತೋ, ಎರಡಕ್ಕೂ ಮೊಣಕಾಲು ಮಟ್ಟ ಎರೆಮಣ್ಣು ಮೆತ್ತಿತ್ತು. ಅವನು ನಮ್ಮ ಕಡೆಯವನಲ್ಲ, ತುಮಕೂರು ಸೀಮೆಯವನು. ವರ್ಗವಾಗಿ ಬಂದು ಮೂರು ನಾಲ್ಕು ತಿಂಗಳಾಗಿತ್ತೇನೋ. ಕನ್ನಡಕದ ಒಂದು ಕಾಲು ಮುರಿದಿತ್ತು, ಅಲ್ಲಿಗೆ ಟೈನ್ ದಾರ ಕಟ್ಟಿ ಕಿವಿಗೆ ಸುತ್ತಿಕೊಂಡಿರುತ್ತಿದ್ದ. ಏನಾದರೂ ಓದುವ ಮುಂಚೆ ನಶ್ಯ ಏರಿಸಬೇಕು, ಏರಿಸಿದ ಮೇಲೆ ಸೀನಬೇಕು, ಸೀನಿದ ಮೇಲೆ ಕನ್ನಡಕ ಜಾರಬೇಕು, ಅದನ್ನು ಸರಿಮಾಡಬೇಕು, ಆಮೇಲೆ ಓದಬೇಕು. ಅವನ ಕೈಲಿ ಒಂದು ಕಾರ್ಡು ಓದಿಸಿಕೊಳ್ಳುವುದರೊಳಗೆ ಹಾಲು ಕಾಯಿಸಿ ಆರಿಸಬಹುದಿತ್ತು.

ನಮ್ಮ ಜಗಲಿ ಹತ್ತಿ, ಚೀಲ ಕೆಳಗಿಟ್ಟು, ಒಳಗಿಂದ ಒಂದು ಮನಿಯಾರ್ಡರ್ ಫಾರಂ ತೆಗೆದ. ಅರ್ಧ ನೆಂದಿತ್ತು. ಶಾಸ್ತ್ರದ ಪ್ರಕಾರ ನಶ್ಯ, ಸೀನು, ಕನ್ನಡಕ ಎಲ್ಲ ಮುಗಿಸಿ ಓದಿದ: "ಟಿ. ತಿಪ್ಪೇಸ್ವಾಮಿ."

ಅಜ್ಜಿ ಒಲೆ ಮುಂದಿನಿಂದಲೇ ಕೇಳಿದಳು, "ಯಾವ ತಿಪ್ಪೇಸ್ವಾಮಿ?"

"ಎಷ್ಟು ಜನ ಅವ್ರೆ?"

"ಮನಿಯಾರ್ಡರ್ ಬರೋವಂಥೋರು ನಾಲ್ಕು ಜನ. ಉಳಿದೋರನ್ನ ಬಿಡು."

ಅಜ್ಜಿ ಅಂದಿದ್ದು ಸುಳ್ಳಲ್ಲ. ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿಗೆ ನಡೆದುಕೊಳ್ಳದ ಮನೆ ನಮ್ಮ ಸುತ್ತಮುತ್ತ ಇಲ್ಲ. ನಾಯಕನಹಟ್ಟಿ ಅಂತ ಪೂರ್ತಿ ಹೇಳುವವರೂ ಇಲ್ಲ, ಬರೀ ಹಟ್ಟಿ. ಆ ಸ್ವಾಮಿ ಇಲ್ಲಿಗೆ ಬಂದು ಐದು ಕೆರೆ ಕಟ್ಟಿಸಿದರು ಅಂತ ಜನ ನಂಬುತ್ತಾರೆ. ಮಳೆಯಿಲ್ಲದ ಸೀಮೆಯಲ್ಲಿ ಕೆರೆ ಕಟ್ಟಿಸಿದವನಿಗಿಂತ ದೊಡ್ಡ ದೇವರು ಇನ್ಯಾರು ಸಿಕ್ಕಾರು? ಹೋಳಿ ಕಳೆದ ಮೇಲಿನ ಜಾತ್ರೆಗೆ ಲಕ್ಷಗಟ್ಟಲೆ ಜನ ಸೇರುತ್ತಾರೆ, ಹರಕೆ ಹೊತ್ತವರು ಒಣಕೊಬ್ಬರಿ ಸುಡುತ್ತಾರೆ. ಆ ಸುಟ್ಟ ಕೊಬ್ಬರಿಯ ವಾಸನೆ ಮೂಗಿಗೆ ಬಂದರೆ ಸಾಕು, ನನಗೆ ಈಗಲೂ ಯಾರೋ "ತಿಪ್ಪೇಸ್ವಾಮೀ" ಅಂತ ಕೂಗಿ ಹತ್ತು ಜನ ಒಟ್ಟಿಗೆ ತಿರುಗಿ ನೋಡಿದ ಹಾಗಾಗುತ್ತದೆ. ಗಂಡಾದರೆ ತಿಪ್ಪೇಸ್ವಾಮಿ, ತಿಪ್ಪೇರುದ್ರಪ್ಪ, ತಿಪ್ಪೇಶ. ಹೆಣ್ಣಾದರೆ ತಿಪ್ಪಮ್ಮ. ಇನ್ನು ಹುಟ್ಟಿದ ಮಕ್ಕಳು ನಿಲ್ಲದ ಮನೆಯಲ್ಲಿ, ಹೊಸ ಕೂಸನ್ನು ತಿಪ್ಪೆಯ ಮೇಲೆ ಒಂದು ಗಳಿಗೆ ಮಲಗಿಸಿ ಎತ್ತಿಕೊಂಡು ಬಂದು ತಿಪ್ಪಯ್ಯ, ತಿಪ್ಪಣ್ಣ ಅಂತ ಕರೆಯುವುದೂ ಇತ್ತು. ಕಸ ಅಂದುಕೊಂಡು ಯಮ ಬಿಟ್ಟುಹೋಗಲಿ ಅಂತ.

ಬೇರೆ ದೇವರುಗಳೇನೂ ಸುಮ್ಮನಿಲ್ಲ. ಗೌರಸಮುದ್ರದ ಮಾರಮ್ಮ ಊರಿಗೆ ಹತ್ತು ಮಾರಕ್ಕಂದಿರನ್ನು ಕೊಟ್ಟಿದ್ದಾಳೆ. ಗಾದ್ರಿ ಪಾಲನಾಯಕನಿಂದ ಪಾಲಯ್ಯ, ಅಹೋಬಲ ನರಸಿಂಹನಿಂದ ಓಬಯ್ಯ, ಓಬಳೇಶ, ಓಬವ್ವ. ಕಾಡುಗೊಲ್ಲರ ಹಟ್ಟಿಗೆ ಹೋದರೆ ಕ್ಯಾತೇದೇವರಿಂದ ಕ್ಯಾತಪ್ಪ, ಕ್ಯಾತಮ್ಮ. ಹೆಸರು ಕೇಳಿದರೆ ಸಾಕು, ಯಾವ ಜಾತ್ರೆಗೆ ಗಾಡಿ ಕಟ್ಟುವವರು ಅಂತ ಗೊತ್ತಾಗಿಬಿಡುತ್ತದೆ. ಸಾಲು ಹೆಣ್ಣು ಹುಟ್ಟಿದ ಮನೆಯಲ್ಲಿ ಕೊನೆಯವಳು ಸಾಕಮ್ಮ. ನಮ್ಮ ಸೋದರತ್ತೆಯೊಬ್ಬಳು ಸಾಕಮ್ಮ, ಅವಳಾದ ಮೇಲೆ ಇನ್ನೂ ಇಬ್ಬರು ಹುಟ್ಟಿದರು, ಅದು ಬೇರೆ ಕಥೆ.

ಇರಲಿ, ಪೋಸ್ಟಪ್ಪ ಕಾಯುತ್ತಿದ್ದಾನೆ. ಅಜ್ಜಿ ಅವನಿಗೆ ಒಂದು ಬಟ್ಟಲು ಉಪ್ಪು ಹಾಕಿ ಬೇಯಿಸಿದ ಶೇಂಗಾ ಕೊಟ್ಟು, ನಾಲ್ಕು ತಿಪ್ಪೇಸ್ವಾಮಿಗಳ ಲೆಕ್ಕ ಒಪ್ಪಿಸಿದಳು. ಒಬ್ಬ ರೇಡಿಯೋ ತಿಪ್ಪೇಸ್ವಾಮಿ, ಊರಿಗೆ ಮೊದಲು ರೇಡಿಯೋ ತಂದವನು. ಇನ್ನೊಬ್ಬ ಕಂಬಳಿ ತಿಪ್ಪೇಸ್ವಾಮಿ, ಚಳ್ಳಕೆರೆ ಸಂತೆಯಲ್ಲಿ ಕಂಬಳಿ ಮಾರುವವನು. ಮೂರನೆಯವನು ಸೋಡಾ ತಿಪ್ಪೇಸ್ವಾಮಿ. ಯಾವುದೋ ಕಾಲದಲ್ಲಿ ಚಳ್ಳಕೆರೆಗೆ ಹೋಗಿ ಒಂದು ಗೋಲಿ ಸೋಡಾ ಕುಡಿದು ಬಂದು, ಆ ಗೋಲಿ ಹೇಗೆ 'ಕಿಂಯ್' ಅಂತು, ಮೂಗಿಗೆ ಹೇಗೆ ಹತ್ತಿತು ಅಂತ ವರ್ಷಗಟ್ಟಲೆ ಹೇಳಿದ್ದಕ್ಕೆ ಸಿಕ್ಕ ಬಿರುದು ಅದು. ನಾಲ್ಕನೆಯವನು ಬಾವಿಮನೆ ತಿಪ್ಪೇಸ್ವಾಮಿ. ಅವರ ಮನೆ ಮುಂದೆ ಸೇದೋ ಬಾವಿ ಇತ್ತು, ಅಷ್ಟೇ. ಅವನಲ್ಲಿ ಬೇರೇನೂ ವಿಶೇಷವಿರಲಿಲ್ಲ. ಮಾತೂ ಕಮ್ಮಿ.

"ಇಲ್ಲಿ ರೇಡಿಯೋ ಸೋಡಾ ಬರೆದಿಲ್ಲವಲ್ಲಜ್ಜಿ," ಅಂದ ಪೋಸ್ಟಪ್ಪ. "ಬರೀ ಟಿ ಅಂತೈತೆ. ಟಿ ಅಂದ್ರೆ ಅಪ್ಪನ ಹೆಸರು."

ಅವನ ಸೀಮೆಯಲ್ಲಿ ಹಾಗಿತ್ತೇನೋ. ನಮ್ಮಲ್ಲಿ ಆ ಅಕ್ಷರ ಊರೂ ಆಗಬಹುದು, ಅಪ್ಪನೂ ಆಗಬಹುದು, ಎರಡೂ ಒಟ್ಟಿಗೆ ಕೂತಿರಲೂಬಹುದು. ನಮ್ಮ ತಾಲ್ಲೂಕಿನ ತಳಕನ್ನೇ ತಗೊಳ್ಳಿ. ಕುವೆಂಪು ಅವರ ಗುರುಗಳು ಟಿ.ಎಸ್. ವೆಂಕಣ್ಣಯ್ಯ, ತಮ್ಮ ರಾಮಾಯಣವನ್ನು ಕುವೆಂಪು ಯಾರಿಗೆ ಅರ್ಪಿಸಿದರೋ ಅವರು, ತಳಕಿನ ಸುಬ್ಬಣ್ಣನವರ ಮಗ ವೆಂಕಣ್ಣಯ್ಯ. ಅವರ ವಂಶದವರೇ ಆದ ತ.ರಾ.ಸು., ತಳಕಿನ ರಾಮಸ್ವಾಮಯ್ಯನವರ ಮಗ ಸುಬ್ಬರಾವ್. ಮೊದಲ ಅಕ್ಷರ ಊರಿನದು, ಎರಡನೆಯದು ಅಪ್ಪನದು. ತ.ರಾ.ಸು. ಹುಟ್ಟಿದ್ದು ಮಲೇಬೆನ್ನೂರಿನಲ್ಲಿ, ಆದರೂ ತಳಕು ಅವರ ಹೆಸರಿನ ಹೊಸಲು ದಾಟಿ ಆಚೆಗೆ ಹೋಗಲಿಲ್ಲ. ಅದೆಲ್ಲ ನನಗೆ ತಿಳಿದಿದ್ದು ಬಹಳ ವರ್ಷ ಆದಮೇಲೆ. ಅವತ್ತು ಪೋಸ್ಟಪ್ಪನೂ ನಾನೂ ಸೇರಿ ಅಪ್ಪಂದಿರನ್ನು ಹುಡುಕಿದೆವು.

ಮಳೆ ಸ್ವಲ್ಪ ಬಿಟ್ಟಿತು. ನಾಲ್ಕು ಮನೆಗೂ ಹೇಳಿಕಳಿಸಿದ್ದಾಯಿತು. ನಾಲ್ಕು ಜನ ಹೆಂಡತಿಯರೂ ಗೋಣಿಚೀಲ ಗುಪ್ಪಟೆ ಹಾಕಿಕೊಂಡು ಬಂದು ನಮ್ಮ ಜಗಲಿಯ ಕೆಳಗೆ ಸಾಲಾಗಿ ನಿಂತರು. ಗಂಡ ಊರಲ್ಲಿಲ್ಲದಿದ್ದರೆ ಹೆಂಡತಿಯ ಹೆಬ್ಬೆಟ್ಟು ಒತ್ತಿಸಿಕೊಂಡು, ಸಾಕ್ಷಿಗೆ ಒಬ್ಬರ ರುಜು ಹಾಕಿಸಿ ದುಡ್ಡು ಕೊಡುವುದು ನಮ್ಮೂರಲ್ಲಿ ನಡೆದು ಬಂದಿತ್ತು. ಕಾನೂನು ಏನಿತ್ತೋ, ನನಗೆ ಗೊತ್ತಿಲ್ಲ. ವಾಪಸ್ ಹೊತ್ತುಕೊಂಡು ಹೋಗಲು ಪೋಸ್ಟಪ್ಪನಿಗೆ ಮನಸ್ಸಿರಲಿಲ್ಲ, ಹಳ್ಳ ಬಂದರೆ ಇನ್ನು ವಾರ ಈ ಕಡೆಗೆ ಬರುವ ಹಾಗಿರಲಿಲ್ಲ.

"ನಿನ್ನ ಗಂಡನ ಹೆಸರೇನಮ್ಮ?" ಅಂದ, ಮೊದಲು ನಿಂತಿದ್ದ ರೇಡಿಯೋ ತಿಪ್ಪೇಸ್ವಾಮಿಯ ಹೆಂಡತಿಗೆ.

ಆಕೆ ತಲೆ ತಗ್ಗಿಸಿ, ಪಡುವಲ ಕಡೆಗೆ ಕೈ ತೋರಿಸಿದಳು. ಪೋಸ್ಟಪ್ಪ ಆ ಕಡೆ ತಿರುಗಿ ನೋಡಿದ. ಅಲ್ಲೊಂದು ಬೇವಿನಮರ, ಅದರ ಕೆಳಗೆ ಒಂದು ಕತ್ತೆ ನೆನೆಯುತ್ತ ನಿಂತಿತ್ತು.

"ಹಟ್ಟಿ ಕಡೆ ತೋರಿಸ್ತಾಳಪ್ಪ," ಅಂದಳು ಅಜ್ಜಿ. "ಗಂಡನ ಹೆಸರು ಹೆಂಗ್ ಹಿಡೀತಾಳೆ?"

ಎರಡನೆಯವಳೂ ಪಡುವಲಕ್ಕೇ ಕೈ ಮಾಡಿದಳು. ಮೂರನೆಯವಳೂ. ನಾಲ್ಕನೆಯವಳು, ಬಾವಿಮನೆ ಅಕ್ಕ, ಕೈಯನ್ನೂ ಎತ್ತಲಿಲ್ಲ, ಗಲ್ಲವನ್ನು ಒಂಚೂರು ಪಡುವಲಕ್ಕೆ ತಿರುಗಿಸಿದಳು. ನಾಲ್ಕು ಜನ ಹೆಂಗಸರು, ಒಂದೇ ದಿಕ್ಕು. ಪೋಸ್ಟಪ್ಪ ನಶ್ಯದ ಡಬ್ಬಿ ತೆಗೆದ.

ಸೀನಿದ ಮೇಲೆ ಅವನಿಗೊಂದು ಉಪಾಯ ಹೊಳೆಯಿತು. "ಮದುವೇಲಿ ಒಡಪು ಹಾಕಿ ಹೇಳ್ತೀರಲ್ಲ, ಹಂಗಾದ್ರೂ ಹೇಳ್ರವ್ವ." ಒಡಪು ಗೊತ್ತಲ್ಲ? ಬಾಗಿಲು ತಡೆದು ನಿಲ್ಲಿಸಿ ಹೆಸರು ಕೇಳಿದಾಗ ಎರಡು ಸಾಲು ಪ್ರಾಸ ಕಟ್ಟಿ, ಅದರ ಸಂದಿಯಲ್ಲಿ ಗಂಡನ ಹೆಸರು ಅಡಗಿಸಿ ಹೇಳುವುದು. ಸೋಡಾ ತಿಪ್ಪೇಸ್ವಾಮಿಯ ಹೆಂಡತಿ ಸ್ವಲ್ಪ ಗಟ್ಟಿಗಿತ್ತಿ. ಆಕೆ ಮುಂದೆ ಬಂದು, ಸೆರಗು ಬಾಯಿಗಿಟ್ಟುಕೊಂಡು, ಬೆಳ್ಳಿ ಬಟ್ಟಲಿನಿಂದ ಶುರುಮಾಡಿ, ಮಲ್ಲಿಗೆ ದಂಡೆಯ ಮೇಲೆ ಹಾದು, ಕೊನೆಗೆ ಒಂದೇ ಉಸಿರಲ್ಲಿ "ತಿಪ್ಪೇಸ್ವಾಮಿ" ಅಂದು, ಓಡಿಹೋಗಿ ಕಂಬದ ಹಿಂದೆ ನಿಂತಳು. ಉಳಿದ ಮೂವರೂ ಭಲೆ ಅಂತ ನಕ್ಕರು.

"ಅದು ನಂಗೂ ಗೊತ್ತಲ್ಲ ತಾಯಿ," ಅಂದ ಪೋಸ್ಟಪ್ಪ ಅಳು ದನಿಯಲ್ಲಿ. "ತಿಪ್ಪೇಸ್ವಾಮಿ ಅಂತ ಇಲ್ಲೇ ಬರ್ದೈತೆ. ನಿನ್ನ ಮಾವನ ಹೆಸರು ಹೇಳು."

ನಗು ನಿಂತುಹೋಯಿತು. ಗಂಡನ ಹೆಸರಿಗೆ ಒಡಪಾದರೂ ಉಂಟು, ಮಾವನ ಹೆಸರಿಗೆ ಅದೂ ಇಲ್ಲ. ನನ್ನ ಅಜ್ಜಿಯ ವಯಸ್ಸಿನವರೇ ಹೇಳಬೇಕು. ಅಜ್ಜಿ ಹೇಳಿದಳು. ರೇಡಿಯೋದವನ ಅಪ್ಪ ತಿಮ್ಮಪ್ಪ. ಕಂಬಳಿಯವನ ಅಪ್ಪ ತಿಪ್ಪಯ್ಯ. ಸೋಡಾದವನ ಅಪ್ಪ ತಿಪ್ಪಣ್ಣ. ಮೂರೂ ಟಿ. ಬಾವಿಮನೆಯವನ ಅಪ್ಪ?

"ತಳಕಜ್ಜ," ಅಂದಳು ಅಜ್ಜಿ.

"ಹೆಸರು ಹೇಳಜ್ಜಿ."

"ತಳಕಜ್ಜ ಅಂದ್ರೆ ತಳಕಜ್ಜ. ತಳಕಿನಿಂದ ಮನೆ ಅಳಿಯ ಆಗಿ ಬಂದೋನು. ಅವ್ನು ಬಂದ ದಿನದಿಂದ ಸಾಯೋತಂಕ ತಳಕಿನೋನು ಅಂತಲೇ ಕರೆದಿದ್ದು. ಬ್ಯಾರೆ ಹೆಸರು ಇತ್ತೋ ಇಲ್ಲೋ."

ಇದ್ದೇ ಇತ್ತು. ಆದರೆ ಅದನ್ನು ತಿಳಿದ ಅವನ ಹೆಂಡತಿಯೂ ಸತ್ತು ಎರಡು ವರ್ಷವಾಗಿತ್ತು. ಬದುಕಿದ್ದರೂ ಹೇಳುತ್ತಿರಲಿಲ್ಲ, ಬಿಡಿ.

ಇಲ್ಲಿ ಒಂಚೂರು ಮೊಳಕಾಲ್ಮೂರಿಗೆ ಹೋಗಿ ಬರೋಣ, ಬೇಸರ ಮಾಡಿಕೊಳ್ಳಬೇಡಿ. ಮೊಳಕಾಲ್ಮೂರು ನನ್ನ ಅವ್ವನ ತವರು. ಬೇಸಗೆ ರಜಕ್ಕೆ ಹೋದರೆ ಬೆಟ್ಟದ ಬಂಡೆಗಳೆಲ್ಲ ಕಾದ ಹೆಂಚು, ರಾತ್ರಿ ಅಂಗಳದಲ್ಲಿ ಮಲಗಿದರೂ ಬಿಸಿಗಾಳಿ. ಮಾವನ ಮನೆ ಪಕ್ಕ ರೇಷ್ಮೆ ಸೀರೆ ನೇಯುವವರಿದ್ದರು. ಕುಣಿಮಗ್ಗದೊಳಗೆ ಕಾಲು ಇಳಿಬಿಟ್ಟು ಕೂತು ನೇಯುತ್ತಿದ್ದ ಅಜ್ಜನೊಬ್ಬ, ಲಾಳಿ ಎಳೆಯುತ್ತಲೇ ನನ್ನನ್ನು ಕೇಳಿದ್ದ, "ನಿಮ್ಮ ಇಂಟಿಪೇರು ಏನೋ?" ರಾಯದುರ್ಗ ಕೂಗಳತೆಯ ಊರು, ಮನೆಮಾತು ತೆಲುಗಾದವರು ಬಹಳ. ಅವರಿಗೆ ಹೆಸರಿನ ಮುಂದೆ ಮನೆತನದ ಹೆಸರೊಂದು ಇರಲೇಬೇಕು, ತಲೆತಲಾಂತರಕ್ಕೂ ಅದೇ. ನಮಗೆ ಇಲ್ಲ ಅಂದೆ. ಅಜ್ಜ ಲಾಳಿ ನಿಲ್ಲಿಸಿ ನನ್ನನ್ನೇ ನೋಡಿದ. "ಇಂಟಿ ಐತೆ, ಪೇರು ಇಲ್ವ?" ಅವನ ಕನಿಕರ ಇನ್ನೂ ಕಣ್ಣಿಗೆ ಕಟ್ಟಿದೆ. ನಮಗೂ ಬೆಡಗು ಅಂತ ಒಂದಿದೆ, ಹೆಣ್ಣು ಗಂಡು ಕೂಡಿಸುವಾಗ ಕೇಳುತ್ತಾರೆ, ಒಂದೇ ಬೆಡಗಾದರೆ ಎದ್ದು ಹೋಗುತ್ತಾರೆ. ಆದರೆ ಅದನ್ನು ಯಾರೂ ಹೆಸರಿಗೆ ಅಂಟಿಸಿಕೊಂಡು ತಿರುಗುವುದಿಲ್ಲ. ಪೆಟ್ಟಿಗೆಯೊಳಗಿನ ಸೀರೆಯ ಹಾಗೆ, ಮದುವೆಗೆ ಮಾತ್ರ ತೆಗೆಯುವುದು.

ಅಲ್ಲಿಂದಲೇ ಮಾವ ಒಂದು ಸಲ ಬ್ರಹ್ಮಗಿರಿಗೆ ಕರೆದುಕೊಂಡು ಹೋಗಿದ್ದ, ಅಶೋಕನ ಶಾಸನ ತೋರಿಸಲು. 1892ರಲ್ಲಿ ಬಿ.ಎಲ್. ರೈಸ್ ಸಾಹೇಬರು ಬಂದು ಹುಡುಕಿ ಲೋಕಕ್ಕೆ ತಿಳಿಸುವವರೆಗೆ ಕುರಿ ಕಾಯುವವರು ಅದರ ಮೇಲೆ ಬುತ್ತಿ ಬಿಚ್ಚುತ್ತಿದ್ದಿರಬೇಕು. ಆ ಬಂಡೆಯ ಮೇಲೆ ಅಶೋಕ ಅನ್ನುವ ಹೆಸರೇ ಇಲ್ಲ. ದೇವಾನಾಂಪಿಯ, ದೇವರಿಗೆ ಪ್ರಿಯನಾದವನು, ಅಷ್ಟೇ. ರಾಜನ ಹೆಸರನ್ನು ಹಿಡಿದು ಹೇಳುವ ಧೈರ್ಯ ಮಸ್ಕಿಯ ಬಂಡೆಗೆ ಇತ್ತು, ನಮ್ಮದಕ್ಕಿಲ್ಲ. ನಮ್ಮ ಹೆಂಗಸರ ದಾರಿಯೇ ಹಿಡಿದಂತಿದೆ. ಆದರೆ ಕೊನೆಯಲ್ಲಿ, ಬರೆದವನು ಮಾತ್ರ ತನ್ನ ಹೆಸರು ಹಾಕಿಕೊಂಡಿದ್ದಾನೆ, ಚಪಡ. ತಾನು ಲಿಪಿಕಾರ ಅನ್ನುವ ಮಾತನ್ನು ಎಲ್ಲೋ ವಾಯವ್ಯದ ಗಡಿಯ ಖರೋಷ್ಠಿ ಲಿಪಿಯಲ್ಲಿ, ಬಲದಿಂದ ಎಡಕ್ಕೆ, ಬರೆದಿದ್ದಾನೆ. ಅಪ್ಪನಿಲ್ಲ, ಊರಿಲ್ಲ, ಇನಿಷಿಯಲ್ ಇಲ್ಲ. ಬರೀ ಚಪಡ. ಎರಡು ಸಾವಿರದ ಇನ್ನೂರು ವರ್ಷದಿಂದ ಅವನ ಹೆಸರಿಗೆ ಇನ್ನೊಬ್ಬ ಹಕ್ಕುದಾರ ಬಂದಿಲ್ಲ.

ನಮ್ಮ ಜಗಲಿಯಲ್ಲೋ, ನಾಲ್ಕು ಜನ ಹಕ್ಕುದಾರರು. ಪೋಸ್ಟಪ್ಪ ಕೊನೆಗೆ ಕೂಪನ್ ತೆಗೆದು ನನ್ನ ಕೈಗೆ ಕೊಟ್ಟ. ಮನಿಯಾರ್ಡರ್ ಫಾರಮ್ಮಿನ ತುದಿಗೆ ನಾಲ್ಕು ಸಾಲು ಬರೆಯಲು ಜಾಗ ಬಿಟ್ಟ ತುಂಡು ಕಾಗದ ಅದು. ಈಗಿನ ಹುಡುಗರು ನೋಡಿರಲಿಕ್ಕಿಲ್ಲ, 1880ರಿಂದ ನಡೆದು ಬಂದ ಆ ಮನಿಯಾರ್ಡರ್ 2015ರಲ್ಲಿ ನಿಂತೇಹೋಯಿತು. ಜನ ದುಡ್ಡಿಗಿಂತ ಮೊದಲು ಆ ಕೂಪನ್ ಕೇಳುತ್ತಿದ್ದರು. ಇದನ್ನು ಮಳೆ ತಿಂದಿತ್ತು. ಶಾಯಿ ಕಲಸಿ ನೀಲಿ ಗಂಜಿಯಾಗಿತ್ತು. ಕಳಿಸಿದವನ ಹೆಸರೂ ಇಲ್ಲ, ಊರೂ ಇಲ್ಲ. ನಡುವೆ ಒಂದು ಕಡೆ ಮಾತ್ರ "ಬೋರ" ಅಂತ ಕಾಣುತ್ತಿತ್ತು, ಮುಂದೆ ಒಂದು ಮಚ್ಚೆ, ಆಮೇಲೆ "ಹೊಲಿಸು".

"ಬೋರು!" ಅಂದ ಪೋಸ್ಟಪ್ಪ. "ಬೋರು ಹಾಕಿಸಾಕೆ ದುಡ್ಡು ಕಳಿಸವ್ನೆ. ಯಾರ ಹೊಲದಾಗೆ ಬೋರು ತೆಗೀತಾ ಅವ್ರೆ?"

ಬೋರ್‌ವೆಲ್ ಅನ್ನುವುದು ಆಗಿನ್ನೂ ಸುದ್ದಿಯಲ್ಲಿತ್ತು. ರೇಡಿಯೋದವನ ಹೆಂಡತಿ, ತನ್ನ ಗಂಡ ಆ ಮಾತು ಆಡಿದ್ದುಂಟು ಅಂದಳು. ಅಜ್ಜಿ ಕೇಳಿದಳು, "ದುಡ್ಡು ಎಷ್ಟಪ್ಪ?" ಮೂವತ್ತೈದು ರೂಪಾಯಿ ಅಂತ ನನ್ನ ನೆನಪು, ನಲವತ್ತು ಅಂತ ನಮ್ಮಕ್ಕ ಈಗಲೂ ವಾದಿಸುತ್ತಾಳೆ. "ಅಷ್ಟರಾಗೆ ಬಾವಿಗೆ ಹಗ್ಗಾನೂ ಬರಲ್ಲ," ಅಂದಳು ಅಜ್ಜಿ. ರೇಡಿಯೋ ಬಿದ್ದುಹೋಯಿತು.

ನಾನು ಕೂಪನ್ನನ್ನು ಒಲೆ ಹತ್ತಿರ ಹಿಡಿದು ಆರಿಸಿದೆ. ಮಚ್ಚೆ ಸ್ವಲ್ಪ ತಿಳಿಯಾಯಿತು. ಬೋರು ಅಲ್ಲ, ಬೋರಯ್ಯ. "ಬೋರಯ್ಯಗೆ ಚೆಡ್ಡಿ ಅಂಗಿ ಹೊಲಿಸು." ಗಟ್ಟಿಯಾಗಿ ಓದಿದೆ.

ಪೋಸ್ಟಪ್ಪನ ಮುಖ ಅರಳಿತು. "ಯಾರ ಮನ್ಯಾಗೆ ಬೋರಯ್ಯ ಅವ್ನೆ?"

ಇಲ್ಲ ಅಂದಳು ಮೊದಲನೆಯವಳು. ಎರಡನೆಯವಳು, ನಮ್ಮಲ್ಲಿ ಬೋರಕ್ಕ ಇದ್ಲು, ಹೋದ ವರ್ಷ ಕೊಟ್ಟುಬಿಟ್ವಿ ಅಂದಳು. ಮಗಳನ್ನೋ ಎಮ್ಮೆಯನ್ನೋ, ನಾವು ಕೇಳಲಿಲ್ಲ. ಮೂರನೆಯವಳು ತುಸು ಯೋಚನೆ ಮಾಡಿ, ಬೇಕಾದರೆ ಒಬ್ಬನಿಗೆ ಆ ಹೆಸರು ಇಡಬಹುದು ಅಂದಳು. ಬಾವಿಮನೆ ಅಕ್ಕ ಮಾತ್ರ ಸೆರಗನ್ನು ಮೂಗಿನವರೆಗೆ ಎಳೆದುಕೊಂಡು, ಪೂರ್ತಿ ಗೋಡೆ ಕಡೆ ತಿರುಗಿ ನಿಂತುಬಿಟ್ಟಿದ್ದಳು. ಹೌದು ಅನ್ನಲೂ ಇಲ್ಲ, ಇಲ್ಲ ಅನ್ನಲೂ ಇಲ್ಲ. ಬೆನ್ನು ನಡುಗುತ್ತಿತ್ತು. ಪಾಪ ನೆನೆದು ಚಳಿ ಹತ್ತಿದೆ ಅಂದುಕೊಂಡೆವು.

ಆಗ ಮಾವಯ್ಯ ಎದ್ದ. ಮಾವಯ್ಯ ಅಂದರೆ ಬಾವಿಮನೆ ಅಕ್ಕನ ಮಗ, ಆರು ವರ್ಷದವನು. ಅಷ್ಟು ಹೊತ್ತೂ ನಮ್ಮ ಶೇಂಗಾ ರಾಶಿಯ ಕಂಬಳಿ ಕೆಳಗೆ ನುಸುಳಿ ಕೂತು, ಹಸಿಕಾಯಿ ಬಿಡಿಸಿ ತಿನ್ನುತ್ತಿದ್ದ. ಸೊಂಟಕ್ಕೆ ಉಡಿದಾರ, ಮೈಮೇಲೆ ಅವರಪ್ಪನ ಹಳೇ ಬನಿಯನ್ನು, ಅದು ಮೊಣಕಾಲಿಗೆ ಬರುತ್ತಿತ್ತು. ಕೆನ್ನೆ ತುಂಬ ಶೇಂ‌ಗಾ. ಅವನನ್ನು ತಾಯಿ ಮಾವಯ್ಯ ಅನ್ನುತ್ತಿದ್ದಳು. ತಾಯಿ ಅನ್ನುತ್ತಾಳೆ ಅಂತ ಓಣಿಯೆಲ್ಲ ಅನ್ನುತ್ತಿತ್ತು. ಐವತ್ತು ವರ್ಷದ ಗೌಡರೂ, "ಏನ್ ಮಾವಯ್ಯ, ಗೊಣ್ಣೆ ಒರೆಸ್ಕೊ" ಅನ್ನುತ್ತಿದ್ದರು. ಆ ವರ್ಷವಷ್ಟೇ ಅವನನ್ನು ಊರ ಸ್ಕೂಲಿಗೆ ಹಾಕಿದ್ದರು. ನಾನು ಬೇರೆ ಊರಿನ ಸ್ಕೂಲಿನವನು. ಮೇಷ್ಟ್ರು ಮಳೆ ಅಂತ ಅವತ್ತು ಬಂದಿರಲಿಲ್ಲ.

ಅವನು ಕೈಕಟ್ಟಿ, ಎದೆ ಸೆಟೆಸಿ, ಹಾಜರಿ ಕೂಗಿದಾಗ ನಿಲ್ಲುವ ಹಾಗೆ ನಿಂತು, ಬಾಯಲ್ಲಿದ್ದದ್ದನ್ನು ನುಂಗಿ ಹೇಳಿದ, "ಬಂದಿದೀನಿ ಸಾ."

ಯಾರಿಗೂ ಅರ್ಥವಾಗಲಿಲ್ಲ. ಅಜ್ಜಿಗೇ ಮೊದಲು ಹೊಳೆದಿದ್ದು. ಅವಳು ಕೈಲಿದ್ದ ಸೌಟನ್ನು ನೆಲಕ್ಕೆ ಬಿಟ್ಟು, "ಅಯ್ಯೋ ನಿನ್ನ! ತಳಕಜ್ಜನ ಹೆಸರು ಬೋರಯ್ಯನೇನೋ!" ಅಂದಳು. ಅಜ್ಜ ಸತ್ತ ವರ್ಷ ಹುಟ್ಟಿದವನಿಗೆ ಅಜ್ಜನ ಹೆಸರನ್ನೇ ಇಟ್ಟಿದ್ದರು. ಇಟ್ಟ ದಿನ ಒಂದು ಸಲ ಕಿವಿಯಲ್ಲಿ ಊದಿದ್ದೇ ಹೆಚ್ಚು. ಮಾವನ ಹೆಸರನ್ನು ಸೊಸೆ ಮಗನಿಗಾದರೂ ಹೇಗೆ ಕೂಗಿಯಾಳು? ಅಪ್ಪನ ಹೆಸರು ಹಿಡಿದು ತಿಪ್ಪೇಸ್ವಾಮಿಯಾದರೂ ಮಗನಿಗೆ ಹೇಗೆ ಬೈದಾನು? ಹಾಗೆ ಆ ಹೆಸರು ಸ್ಕೂಲಿನ ಹಾಜರಿ ಪುಸ್ತಕದಲ್ಲೇ ಉಳಿದುಬಿಟ್ಟಿತ್ತು. ದುಡ್ಡು ಕಳಿಸಿದವನು ದಾವಣಗೆರೆ ಹತ್ತಿ ಗಿರಣಿಯಲ್ಲಿದ್ದ ಚಿಕ್ಕಪ್ಪ. ಅವನು ಪೇಟೆಯವನಾಗಿದ್ದ, ತಮ್ಮ ಮೂಲದ ತಳಕನ್ನು ಅಣ್ಣನ ಹೆಸರಿಗೂ ಟಿ ಅಂತ ತಗುಲಿಸಿ ಬರೆದಿದ್ದ. ಅಣ್ಣನಿಗೆ ತನಗೊಂದು ಟಿ ಇದೆ ಅನ್ನುವುದು ಅವತ್ತು ರಾತ್ರಿ ಗಾಡಿ ಬಿಟ್ಟ ಮೇಲೆ ಗೊತ್ತಾಯಿತು.

ಬಾವಿಮನೆ ಅಕ್ಕ ಇನ್ನೂ ಗೋಡೆಗೆ ಮುಖ ಮಾಡಿಕೊಂಡೇ ಕೈ ಹಿಂದಕ್ಕೆ ಚಾಚಿದಳು. ಪೋಸ್ಟಪ್ಪ ಹೆಬ್ಬೆಟ್ಟಿಗೆ ಮಸಿ ಹಚ್ಚಿ ಒತ್ತಿಸಿಕೊಂಡ. ಸಾಕ್ಷಿಗೆ ನಾನು ಸಹಿ ಹಾಕುತ್ತೇನೆ ಅಂದೆ, ಮೀಸೆ ಬರಲಿ ಅಂದ. ಸೋಡಾ ತಿಪ್ಪೇಸ್ವಾಮಿಯ ಹೆಂಡತಿ ಸಾಯುವವರೆಗೂ ಆ ದುಡ್ಡು ತನ್ನದೇ ಆಗಬೇಕಿತ್ತು ಅನ್ನುತ್ತಿದ್ದಳು. ನಾಚಿಕೆ ಬಿಟ್ಟು ಒಡಪು ಹೇಳಿದವಳು ಅವಳೊಬ್ಬಳೇ ತಾನೆ.

ಬಾವಿಮನೆ ಅಕ್ಕನ ಪಥ್ಯ ಎಂಥದ್ದು ಅಂದರೆ, ಮುಂದೆ ಊರಲ್ಲಿ ನಿಜವಾಗಿಯೂ ಬೋರುಗಳು ಬಂದಾಗ ಆಕೆ ಒಂದು ದಿನವೂ ಬೋರು ಅನ್ನಲಿಲ್ಲ. "ಕಬ್ಬಿಣದ ಬಾವಿ" ಅನ್ನುತ್ತಿದ್ದಳು. ಐನೂರು ಅಡಿ ಹೋದರೂ ನೀರು ಬರದಿದ್ದಾಗ ಊರೆಲ್ಲ ಬೋರು ಫೇಲಾಯ್ತು ಅಂತ ಹಣೆ ಚಚ್ಚಿಕೊಂಡರೆ, ಆಕೆ "ಕಬ್ಬಿಣದ ಬಾವಿ ಬತ್ತೋಯ್ತು" ಅಂತ ಅತ್ತಳು.

ಈಗ ಮಾವಯ್ಯನಿಗೆ ತಲೆ ನೆರೆತಿದೆ. ಅವನ ಮಗ ಇಂಜಿನಿಯರಿಂಗ್ ಓದಿ ಜರ್ಮನಿಗೆ ಹೊರಟ. ಪಾಸ್‌ಪೋರ್ಟಿನ ಅರ್ಜಿ ತುಂಬಲು ನನ್ನ ಹತ್ತಿರ ಬಂದರು. ಸರ್‌ನೇಮ್ ಅಂತ ಒಂದು ಮನೆ ಖಾಲಿ ನಿಂತಿತ್ತು. ಖಾಲಿ ಬಿಟ್ಟರೆ ಮುಂದೆ ವೀಸಾದಲ್ಲಿ ತಕರಾರು ಅಂತ ಯಾರೋ ಹೆದರಿಸಿದ್ದರು. ಮೊಳಕಾಲ್ಮೂರಿನ ಆ ನೇಕಾರ ಅಜ್ಜ ನೆನಪಾದ. ತಳಕು ಅಂತ ಹಾಕೋಣ ಅಂದೆ, ನಾನು ತಳಕು ನೋಡೇ ಇಲ್ಲ ದೊಡ್ಡಪ್ಪ ಅಂದ ಹುಡುಗ. ಬೆಡಗು ಹಾಕೋಣವೆ ಅಂದರೆ ಜಾತಿ ಹೇಳಿದ ಹಾಗಾಗುತ್ತದೆ, ಬೇಡ ಅಂದರು. ಕೊನೆಗೆ ಅಪ್ಪನ ಹೆಸರನ್ನೇ ಅಲ್ಲಿ ಕೂರಿಸಿದೆವು.

ಜರ್ಮನಿಯಲ್ಲಿ ಅವನ ಜೊತೆ ಮನೆ ಹಂಚಿಕೊಂಡಿರುವವನು ಬಲ್ಗೇರಿಯಾದ ಹುಡುಗ. ಅವರ ಹೆಸರಿನ ಕಟ್ಟು ನಮ್ಮ ಇನಿಷಿಯಲ್‌ಗಿಂತ ಬಿಗಿ. ತನ್ನ ಹೆಸರು, ಅಪ್ಪನ ಹೆಸರು, ಮನೆತನದ ಹೆಸರು, ಮೂರೂ ಬೇಕು. ಅಪ್ಪ ಇವಾನ್ ಆದರೆ ಮಗ ಇವಾನೋವ್, ಮಗಳು ಇವಾನೋವಾ. ಅಜ್ಜನ ಹೆಸರನ್ನು ಮೊಮ್ಮಗನಿಗೆ ಇಡುವುದು ಅಲ್ಲೂ ಹಳೇ ರೂಢಿಯಂತೆ. ಅವರ ದೊಡ್ಡ ಸ್ವಾತಂತ್ರ್ಯ ವೀರ ವಾಸಿಲ್ ಇವಾನೋವ್ ಕುಂಚೇವ್‌ನನ್ನು ಆ ಮೂರು ಹೆಸರಲ್ಲಿ ಯಾರೂ ಕರೆಯುವುದಿಲ್ಲ, ಸಿಂಹದಂಥವನು ಅಂತ ಲೆವ್‌ಸ್ಕಿ. ನಮ್ಮ ರೇಡಿಯೋ, ಸೋಡಾಗಳ ಹಾಗೆಯೇ, ಸ್ವಲ್ಪ ಗಂಭೀರವಾಗಿ. ಜನವರಿ 7 ಬಂತೆಂದರೆ ಇವಾನ್‌ಗಳ ದಿನ, ಇವಾನ್ ಇರುವ ಮನೆಗೆ ಕರೆಯದೆಯೇ ಹೋಗಿ ಉಂಡು ಬರಬಹುದು. ಹಟ್ಟಿ ಜಾತ್ರೆ ದಿನ ನಾಲ್ಕು ತಿಪ್ಪೇಸ್ವಾಮಿಗಳ ಮನೆಗೂ ನಾನು ಹೋಳಿಗೆಗೆ ಹೋಗುತ್ತಿದ್ದದ್ದು ನೆನಪಾಯಿತು. ಆದರೆ ಅದೇ ದೇಶದಲ್ಲಿ 1984-85ರ ಚಳಿಗಾಲದಲ್ಲಿ ಸರ್ಕಾರವೇ ಪೊಲೀಸರನ್ನು ಕಳಿಸಿ, ತುರ್ಕಿ ಜನರ ಹೆಸರು ಕಿತ್ತು ಬಲ್ಗೇರಿಯನ್ ಹೆಸರು ಬರೆಸಿತ್ತಂತೆ. ನಮ್ಮ ಹುಡುಗ ಅದನ್ನು ಹೇಳಿದಾಗ ಜಗಲಿಯಲ್ಲಿ ಕೂತ ನಾವು ಯಾರೂ ಸ್ವಲ್ಪ ಹೊತ್ತು ಮಾತಾಡಲಿಲ್ಲ.

ಇದೆಲ್ಲ ಕೇಳಿದ್ದು ಹೋದ ದೀಪಾವಳಿಗೆ, ಬಾವಿಮನೆಯ ಜಗಲಿಯಲ್ಲಿ, ವಿಡಿಯೋ ಕಾಲಿನಲ್ಲಿ. ಬಾವಿಗೆ ಈಗ ಕಲ್ಲು ಮುಚ್ಚಿದೆ, ಅದರ ಮೇಲೆ ಹಪ್ಪಳ ಒಣಗುತ್ತಿತ್ತು. ಅಕ್ಕನಿಗೆ ಎಂಬತ್ತರ ಹತ್ತಿರ, ಕಿವಿ ಮಂದ, ಹಲ್ಲಿಲ್ಲ. ಮೊಮ್ಮಗನ ಮುಖ ನೋಡಲು ಫೋನನ್ನು ಮೂಗಿಗೆ ತಾಗುವ ಹಾಗೆ ಹಿಡಿದುಕೊಂಡು, ಅನ್ನ ಉಂಡ್ಯಾ, ಅಲ್ಲಿ ನವಣೆ ಸಿಗ್ತೈತಾ ಅಂತ ಕೇಳುತ್ತಿದ್ದಳು. ಅಷ್ಟರಲ್ಲಿ ಆ ಬಲ್ಗೇರಿಯಾದ ಹುಡುಗ ಎಲ್ಲೋ ಹಿಂದಿನ ಕೋಣೆಯಿಂದ, ಯಾವುದಕ್ಕೋ ಏನೋ, ಗಟ್ಟಿಯಾಗಿ ಕೂಗಿದ:

"ಬೋರಯ್ಯಾ!"

ಅಕ್ಕ ಫೋನನ್ನು ತೊಡೆಯ ಮೇಲೆ ಬೋರಲು ಹಾಕಿ, ಸೆರಗನ್ನು ಮೂಗಿನವರೆಗೆ ಎಳೆದುಕೊಂಡು, ಗೋಡೆ ಕಡೆ ತಿರುಗಿ ಕೂತಳು. ಆಮೇಲೆ ಮೆಲ್ಲಗೆ, ನನಗೆ ಮಾತ್ರ ಕೇಳುವ ಹಾಗೆ ಅಂದಳು, "ಯಾರಪ್ಪ ಅದು, ನಮ್ಮ ಮಾವನೋರ್ನ ಹೆಸರ್ಹಿಡಿದು ಕರೆಯೋರು?"